ನನ್ನ ಹೊಟ್ಟೆಯ ಮೇಲಿನ ನೂರು

ನಾನು ಒಂದು ಟ್ರಾನ್ಸ್‌ಫಾರ್ಮರ್. ಓಣಿಯವರ ಬಾಯಲ್ಲಿ ಟಿಸಿ. ಸಿಡಿಲು, ಮಳೆ, ಕೋತಿ ಎಲ್ಲವನ್ನೂ ಕಂಡವನು ನಾನು. ಆದರೆ ಬಣ್ಣದ ಡಬ್ಬಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತದೆ. ನಗಬೇಡಿ, ಕಾರಣ ಕೇಳಿ.

ಹುಟ್ಟಿದಾಗ ನಾನು ಅರವತ್ತಮೂರು ಕೆವಿಎ. ಸುರುಳಿ ಸುತ್ತಿ, ಎಣ್ಣೆ ತುಂಬಿ, ನನ್ನ ಶಕ್ತಿ ಇಷ್ಟೇ ಎಂದು ಬರೆದ ಅಂಗೈಯಗಲದ ತಗಡನ್ನು ಎದೆಗೆ ಬಡಿದರು. ಹಲವು ವರ್ಷ ದುಡಿದ ಮೇಲೆ ನನ್ನ ತೊಟ್ಟಿ ತೂತುಬಿತ್ತು. ರಿಪೇರಿಯವರು ನನ್ನ ಕರುಳನ್ನೆಲ್ಲ ಎತ್ತಿ, ಸುಟ್ಟುಹೋದ ನೂರು ಕೆವಿಎಯವನೊಬ್ಬನ ತೊಟ್ಟಿಗೆ ಇಳಿಸಿದರು. ನನ್ನ ತಗಡನ್ನೂ ಅದಕ್ಕೇ ಬಡಿದರು. ಅವನ ಹೊಟ್ಟೆಯ ಮೇಲಿನ 100 ಮಾತ್ರ ಹಾಗೇ ಉಳಿಯಿತು. ಅಣ್ಣನ ಅಂಗಿ ತೊಟ್ಟ ತಮ್ಮನಂತೆ ನಾನು ನೇಕಾರರ ಓಣಿಗೆ ಬಂದೆ.

ನನ್ನ ಕೆಳಗೇ ದುಂಡವ್ವನ ಹಿಟ್ಟಿನ ಗಿರಣಿ. ಲೈನ್‌ಮನ್ ಶೇಖಪ್ಪ ಒಳ್ಳೆಯವನು, ಭಕ್ತಿ ಸ್ವಲ್ಪ ಹೆಚ್ಚು. ಆಯುಧಪೂಜೆಗೆ ಕರೆಂಟ್ ತೆಗೆದು ನನಗೆ ಬೆಳ್ಳಿಬಣ್ಣ ಬಳಿದ, ತಗಡಿನ ಮೇಲೂ ಬಳಿದ. ಮಸುಕಾಗಿದ್ದ 100ನ್ನು ಕೆಂಪಿನಲ್ಲಿ ತಿದ್ದಿ ಕುಂಬಳಕಾಯಿ ಒಡೆದ. ಅಂದಿನಿಂದ ನೋಡಿದವರಿಗೆಲ್ಲ ನಾನು ನೂರು.

ಮುಂದೆ ಓಣಿಗೆ ಹೊಸ ಕರೆಂಟು ಮಗ್ಗಗಳು ಬಂದವು. ಶೇಖಪ್ಪ ಕೆಳಗೆ ನಿಂತು ಬೆರಳು ಮಡಿಚಿದ.

"ನೂರು ಕೆವಿಎ. ಅದರಾಗಿನ ಮೂರನೇ ಒಂದು ಪಾಲು ಅದಕ್ಕ ಕೂಡಸಿದ್ರ ನೂರಾ ಮೂವತ್ತಮೂರು ಆಂಪಿಯರ್. ಈಗ ಎಂಬತ್ತು ಹರೀತೈತಿ, ಹೊಸ ಮಗ್ಗಕ್ಕ ನಲವತ್ತು. ಚಿಂತಿ ಇಲ್ಲ."

ಸೂತ್ರವೇನೋ ಸರಿ. ಪುಸ್ತಕದವರು ವೋಲ್ಟು, ವರ್ಗಮೂಲ ಎಂದು ಸುತ್ತುಹಾಕಿ ಬಂದರೂ ಉತ್ತರ ಅದೇ. ಆದರೆ ಅರವತ್ತಮೂರಕ್ಕೆ ಬರುವುದು ಎಂಬತ್ತನಾಲ್ಕು! ಗುಂಯ್ ಎನ್ನುವುದೊಂದನ್ನು ಬಿಟ್ಟು ನನಗೆ ಯಾವ ಮಾತು ಬರುತ್ತದೆ? ಫ್ಯೂಸಿಗೂ ಅವನು ನೂರರ ಲೆಕ್ಕದ ದಪ್ಪ ತಂತಿಯನ್ನೇ ಕಟ್ಟಿದ; ಭಾರ ಹೆಚ್ಚಾದರೆ ಅದು ಸುಟ್ಟು ನನ್ನನ್ನು ಉಳಿಸುವಂತೆಯೂ ಇರಲಿಲ್ಲ.

ಮಗ್ಗಗಳು ಶುರುವಾದವು. ನನ್ನೊಳಗೆ ಎಣ್ಣೆ ಕಾಯುತ್ತಾ ಹೋಯಿತು. ನಾನು ಸಿಡಿದರೆ ಆ ಎಣ್ಣೆ ಬೀಳುವುದು ದುಂಡವ್ವನ ಮೇಲೆ, ಜೋಳದ ಚೀಲ ಹಿಡಿದು ಪಾಳಿಗೆ ಕೂತ ಹೆಂಗಸರ ಮೇಲೆ. ನನಗೆ ಹೆದರಿಕೆಯಾಯಿತು. ಸಾಯುವ ಹೆದರಿಕೆಯಲ್ಲ, ಕೊಲ್ಲುವ ಹೆದರಿಕೆ.

ಮೂರನೆಯ ದಿನ ಮಧ್ಯಾಹ್ನ ದುಂಡವ್ವ ಗಿರಣಿ ನಿಲ್ಲಿಸಿ ಹೊರಗೆ ಬಂದು ಕತ್ತೆತ್ತಿ ನನ್ನ ದನಿಗೆ ಕಿವಿಗೊಟ್ಟಳು. ಹೆಂಗಸರನ್ನು ದೂರ ಕಳಿಸಿ, ಶೇಖಪ್ಪನನ್ನು ಕರೆಸಿದಳು.

"ತಮ್ಮಾ, ಇದರ ದನಿ ಕೆಟ್ಟೈತಿ. ಎಣ್ಣಿ ವಾಸನಿ ಬರಾಕತ್ತೈತಿ."

ಅವನು ತಂತಿಗೆ ಮೀಟರ್ ಹಿಡಿದ. "ನೂರಾ ಹದಿನೆಂಟು. ಲೆಕ್ಕದಾಗ ಐತಿ ಬೇ."

"ನಿನ್ನ ಲೆಕ್ಕ ನಿನ್ನ ಕಡೆ ಇರ್ಲಿ. ಕಲ್ಲು ಬಿಸಿಯಾತಂದ್ರ ನಾ ಗಿರಣಿ ನಿಲ್ಲಸ್ತೀನಿ. ಕಾಳು ಎಷ್ಟು ಉಳದಾವ ಅಂತ ನೋಡಂಗಿಲ್ಲ."

ಶೇಖಪ್ಪ ನಕ್ಕ. ಆದರೂ ಸ್ವಿಚ್ ಎಳೆದು, ಉಳಿದ ಕರೆಂಟ್ ಇಳಿದುಹೋಗಲೆಂದು ತಂತಿಗಳನ್ನು ನೆಲಕ್ಕೆ ಜೋಡಿಸಿ ಮೇಲೆ ಹತ್ತಿದ. ನನ್ನ ಮೈ ಮುಟ್ಟಿ ಕೈ ಝಾಡಿಸಿದ. ಆಗ ಬೆಳ್ಳಿಬಣ್ಣದಡಿಯಲ್ಲಿ ತಗಡಿನ ಉಬ್ಬು ಅವನ ಕಣ್ಣಿಗೆ ಬಿತ್ತು. ಸೈಕಲ್ ಕೀಲಿಯಿಂದ ಕೆರೆದ. ಮೊದಲು ಆರು ಕಂಡಿತು, ಆಮೇಲೆ ಮೂರು.

ಅರವತ್ತಮೂರು, ಇಪ್ಪತ್ತೊಂದು, ಎಂಬತ್ತನಾಲ್ಕು. ಅವನ ತುಟಿ ಅಲುಗಿತು. ನಾನು ಕೂತ ಕಂಬದ ಕಬ್ಬಿಣವನ್ನು ತಬ್ಬಿಕೊಂಡ.

"ಏನಾತೋ?" ಎಂದು ದುಂಡವ್ವ ಕೇಳಿದರೆ ಅವನು ಕೆಳಗಿಳಿದು ಫ್ಯೂಸಿನ ದಪ್ಪ ತಂತಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಓಣಿಗೆ ನಿಜವಾದ ನೂರು ಕೆವಿಎಯವನೊಬ್ಬ ಬಂದ. ನಾನೀಗ ಸೆಕ್ಷನ್ ಆಫೀಸಿನ ಅಂಗಳದ ಮೂಲೆಯಲ್ಲಿದ್ದೇನೆ. ಆಯುಧಪೂಜೆ ಬಂದರೆ ಆಫೀಸಿನ ಹೊಸ ಹುಡುಗರು ಬಣ್ಣದ ಡಬ್ಬಿ ಹಿಡಿದು ನನ್ನ ಕಡೆಗೂ ಬರುತ್ತಾರೆ. ಶೇಖಪ್ಪ ಎಲ್ಲಿದ್ದರೂ ಓಡಿಬಂದು, ನನ್ನ ತಗಡಿನ ಮೇಲೆ ಅಂಗೈ ಒತ್ತಿ, ಅವರು ಬಳಿದು ಮುಗಿಸುವವರೆಗೂ ಕದಲದೆ ನಿಲ್ಲುತ್ತಾನೆ. ನನ್ನೊಳಗೆ ಈಗ ಕರೆಂಟಿಲ್ಲ. ಆದರೂ ಕೈ ತೆಗೆದ ಮೇಲೆ ಅವನು ತಗಡನ್ನು ಒಮ್ಮೆ ಓದಿಯೇ ಹೋಗುತ್ತಾನೆ: ಅರವತ್ತಮೂರು.