ಹುಲ್ಲಪ್ಪನ ಒಂದೇ ಸುಳ್ಳು

ತಾನು ನೇಯ್ದ ಸೀರೆಯ ದೋಷವನ್ನು ತಾನೇ ತೋರಿಸಿ ಮಾರುವ ಮನುಷ್ಯ ಹುಲ್ಲಪ್ಪ. ಇಳಕಲ್ಲಿನ ಕೆಂಪು ಸೆರಗನ್ನು ಹರವಿ, ಕೊಳ್ಳುವವರು ಬೆರಗಾಗಿ ನೋಡುತ್ತಿರುವಾಗಲೇ, "ಇಲ್ಲೊಂದು ಎಳಿ ತಪ್ಪೇತ್ರಿ, ನೋಡ್ಕೊಂಡು ತಗೋರಿ" ಎಂದು ಬೆರಳಿಟ್ಟುಬಿಡುತ್ತಿದ್ದ. ವ್ಯಾಪಾರ ಕೆಡಿಸುವ ಈ ಸತ್ಯಸಂಧತೆಗೆ ಹೆಂಡತಿ ಸಂಗವ್ವ ಹಣೆ ಚಚ್ಚಿಕೊಳ್ಳುತ್ತಿದ್ದಳು. ಮೊಣಕಾಲ ಮೇಲೆ ಕಟ್ಟಿದ ಧೋತರ, ಎಡಗಿವಿಗೆ ಸಿಕ್ಕಿಸಿದ ದಾರದ ತುಣುಕು, ಬಯಲಲ್ಲಿ ನಡೆವಾಗಲೂ ಮಗ್ಗದ ಕಾಲುಮಣೆ ತುಳಿಯುವಂತೆ ಒಂದೊಂದೇ ಪಾದವನ್ನು ಒತ್ತಿ ಇಡುವ ನಡಿಗೆ. ಇಂಥವನು ತೊಂಬತ್ತೊಂಬತ್ತನೇ ಇಸವಿಯಲ್ಲಿ ಮೂರು ತಿಂಗಳು ಸುಳ್ಳಾಡಿದನೆಂದರೆ ನಮ್ಮ ಓಣಿಯಲ್ಲಿ ಇವತ್ತಿಗೂ ಯಾರೂ ನಂಬಲಿಕ್ಕಿಲ್ಲ.

ಮಗಳು ಚೇತನಾಳನ್ನು ಗುಡೂರಿಗೆ ಕೊಟ್ಟಿದ್ದ. ದೂರವೇನಲ್ಲ, ಬಸ್ಸು ಹತ್ತಿದರೆ ಮುಗಿಯಿತು. ಆದರೆ ಕೊಟ್ಟ ಹೆಣ್ಣನ್ನು ಹಬ್ಬವಿಲ್ಲದೆ ಕರೆಯಬಾರದು, ಕಾರಣವಿಲ್ಲದೆ ಬೀಗರ ಹೊಸ್ತಿಲು ತುಳಿಯಬಾರದು ಎಂಬುದು ಅವನ ಹಟ. ಪಂಚಮಿಗೆ ಬಂದ ಮಗಳು ಬಸ್ ನಿಲ್ದಾಣದಲ್ಲಿ ಸಿಕ್ಕ ನಾಯಿಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡೇ ಮನೆಗೆ ಬಂದಳು. ಮನೆಯಲ್ಲಿ ಹೊಲಸು ಮಾಡುವ ಮರಿಯನ್ನು ಅತ್ತೆ ಒಪ್ಪುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಹೊರಗ ಹೋಗೂದು ಕಲಿಸಪಾ. ಅಮಾಸಿಗೊಮ್ಮೆ ಬಂದು ನೋಡ್ತೇನಿ, ಕಲ್ತಮ್ಯಾಲೆ ಒಯ್ತೇನಿ" ಎಂದು ಬಿಟ್ಟುಹೋದಳು.

ಮರಿ ಮೊದಲ ವಾರ ಮಗ್ಗದ ಕುಣಿಯನ್ನೇ ಬಚ್ಚಲು ಮಾಡಿಕೊಂಡಿತು. ಕುಣಿಯೊಳಗೆ ಕಾಲಿಳಿಬಿಟ್ಟು ನೇಯುತ್ತಿದ್ದ ಹುಲ್ಲಪ್ಪನ ಪಾದ ಆಗಾಗ ಬೆಚ್ಚಗಾಗುತ್ತಿತ್ತು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಗೇಣುದ್ದ ನೇಯ್ದಾಗೊಮ್ಮೆ ಮಗ್ಗ ನಿಲ್ಲಿಸಿ, ಮರಿಯನ್ನೆತ್ತಿ ಹಿತ್ತಿಲ ಬೇವಿನ ಬುಡಕ್ಕೊಯ್ದು, "ಮಾಡವಾ, ಮಾಡು" ಎಂದು ಕೂಸನ್ನು ರಮಿಸುವಂತೆ ರಮಿಸುತ್ತಾ ಕುಕ್ಕುರುಗಾಲಲ್ಲಿ ಕೂರುತ್ತಿದ್ದ. ಇಪ್ಪತ್ತು ದಿನದಲ್ಲಿ ಮರಿ ಕಲಿತಿತು. ಮಗ್ಗದ ಸದ್ದು ನಿಂತರೆ ಸಾಕು, ತಾನಾಗಿ ಎದ್ದು ಹಿತ್ತಿಲಿಗೆ ಓಡುತ್ತಿತ್ತು.

ಅಮಾವಾಸ್ಯೆಗೆ ಚೇತನಾ ಬಂದು, "ಕಲ್ತೇತೇನಪಾ?" ಎಂದಳು.

"ಎಲ್ಲೀದವಾ, ಇನ್ನೂ ಕಲ್ತಿಲ್ಲ."

ಕಲಿತಿದೆ ಎಂದರೆ ಮರಿಯನ್ನೊಯ್ಯುತ್ತಾಳೆ. ಒಯ್ದಳೆಂದರೆ ಬರುವ ಅಮಾವಾಸ್ಯೆಗೆ ಬರುವುದಿಲ್ಲ. ಮೂಲೆಯಲ್ಲಿ ಕಾಳು ಆರಿಸುತ್ತಿದ್ದ ಸಂಗವ್ವನಿಗೆ ಇದು ತಿಳಿಯದೇ? ಅವಳೂ ಬಾಯಿ ಬಿಡಲಿಲ್ಲ. ಅಮಾವಾಸ್ಯೆಯಂದು ನೇಕಾರರು ಮಗ್ಗ ಮುಟ್ಟುವುದಿಲ್ಲ. ನಡೆಯದ ಮಗ್ಗ ನಿಲ್ಲುವುದಾದರೂ ಹೇಗೆ? ದಿಕ್ಕುಗೆಟ್ಟ ಮರಿ ಪಡಸಾಲೆಯ ನಡುವೆಯೇ ಉಚ್ಚೆ ಹೊಯ್ದು ಯಜಮಾನನ ಮಾತಿಗೆ ಸಾಕ್ಷಿ ನುಡಿಯಿತು. ಹೀಗೆ ಮೂರು ಅಮಾವಾಸ್ಯೆ ಕಳೆದವು, ಮೂರು ಸಲ ಮಗಳ ಕೈಯ ರೊಟ್ಟಿ ಉಂಡ.

ಆಮೇಲೊಂದು ಸೋಮವಾರ ಅವಳು ಹೇಳದೆ ಬಂದಳು. ನಾಯಿಗಾಗಿ ತಿಂಗಳು ತಿಂಗಳು ತವರಿಗೆ ಹೋಗುವುದು ಸಾಕು, ಕಲಿತಿದ್ದರೆ ತಾ, ಇಲ್ಲದಿದ್ದರೆ ಅಲ್ಲೇ ಬಿಟ್ಟು ಬಾ ಎಂದು ಅತ್ತೆ ಹೇಳಿ ಕಳಿಸಿದ್ದಳು. ಚೇತನಾ ಬಾಗಿಲಲ್ಲಿ ನಿಂತಿರುವಾಗಲೇ ಮಗ್ಗ ನಿಂತಿತು, ಮರಿ ಹಿತ್ತಿಲಿಗೆ ಓಡಿತು.

"ಅಪಾ, ಇದು ಕಲ್ತೇತಲ್ಲ!"

ಹುಲ್ಲಪ್ಪ ತಲೆಯೆತ್ತಲಿಲ್ಲ. "ಕಲ್ತು ಭಾಳ ದಿನಾತವಾ. ನಾ ಹೇಳ್ಲಿಲ್ಲ."

ಅವಳು ನಗಲು ಹೋಗಿ ಅತ್ತಳು. ಸಂಜೆ ಅವನೇ ಮರಿಯನ್ನು ಅವಳ ಮಡಿಲಿಗಿಟ್ಟು, ಬಸ್ಸಿನ ಕಿಟಕಿ ಹಿಡಿದು, "ನಿಮ್ಮ ಮನ್ಯಾಗ ಮಗ್ಗಿಲ್ಲ, ಅದಕ್ಕ ತಿಳಿಯಂಗಿಲ್ಲ. ಕಲೀಲಿಲ್ಲಂದ್ರ ಹೇಳಿಕಳಸು, ನಾ ಬಂದು ಕಲಿಸ್ತೇನಿ" ಎಂದ.

ಮರುದಿನದಿಂದಲೇ ಕರೆಗಾಗಿ ಕಾದ. ಹತ್ತನೆಯ ದಿನ ಇಬ್ರಾಹಿಂಸಾಬನ ಎಸ್‌ಟಿಡಿ ಅಂಗಡಿಗೆ ಫೋನು ಬಂತು. ಹುಲ್ಲಪ್ಪ ಒಗೆದ ಅಂಗಿ ತೊಟ್ಟು ಓಡಿದ.

"ಎಂಟ ದಿನಕ್ಕ ಕಲ್ತಬಿಡ್ತಪಾ! ಭಾಳ ಶಾಣೇದೈತಿ. ನಮ್ಮತ್ತಿಗೂ ಹೊಂದೇತಿ."

"ಛಲೋ ಆತು ಬಿಡವಾ" ಎಂದ ಹುಲ್ಲಪ್ಪ. ಅವಳು ಫೋನಿಟ್ಟ ಮೇಲೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ನಿಂತಿದ್ದ.

ಪ್ರೀತಿಗೂ ಒಂದು ನೆಪ ಬೇಕೆನ್ನುವ ಜನ ಇರುತ್ತಾರೆ. ಕರೆಯಲು ಸಂಕೋಚ, ಹೋಗಲು ಸಂಕೋಚ. ಇಂಥವರಿಗೆ ಮಕ್ಕಳು ಸುಖವಾಗಿದ್ದಾರೆಂಬ ಸುದ್ದಿಯೂ ಒಮ್ಮೊಮ್ಮೆ ನೋವು ಕೊಡುತ್ತದೆ, ಅದನ್ನು ಅವರು ಯಾರ ಮುಂದೆಯೂ ಹೇಳಲಾರರು.