ಸಾಲಿನ ಮುಂದೆ ನಡೆದ ಉರ್ಕೆನ್

ಉರ್ಕೆನ್ ಸರದಾರನ ಬಾಯಲ್ಲಿ ಯಾವ ಊರೂ ಎಂದೂ ಹತ್ತಿರವಿರಲಿಲ್ಲ. ಎದುರು ದಿಬ್ಬದ ಮೇಲೆ ಫೊರ್ತ್ಸೆಯ ಮನೆಗಳಿಂದ ಹೊಗೆ ಏಳುವುದು ಕಾಣುತ್ತಿರಲಿ, ಅಲ್ಲಿಯ ನಾಯಿಗಳು ಬೊಗಳುವುದು ಕೇಳುತ್ತಿರಲಿ, ಬೆಟ್ಟ ಹತ್ತಲು ಬಂದು ಅವನ ಹಿಂದೆ ಏದುಸಿರು ಬಿಡುತ್ತ ನಡೆಯುತ್ತಿದ್ದ ಪರದೇಶದವರು "ಇನ್ನೆಷ್ಟು ದೂರ?" ಎಂದು ಕೇಳಿದರೆ ಸಾಕು, ನಿಂತು, ಮುಗಿಲನ್ನೊಮ್ಮೆ ನೋಡಿ, ಮೂಗನ್ನು ತೋಳಿಗೆ ಒರೆಸಿ, "ಇವತ್ತು ತಲುಪೋದು ಕಷ್ಟ" ಎಂದುಬಿಡುತ್ತಿದ್ದ. ಗುಂಪುಗಳಿಗೆ ದಾರಿ ತೋರುವ ಬೇರೆ ಸರದಾರರೆಲ್ಲ "ಇನ್ನೊಂದೇ ತಿರುವು" ಎಂದು ಪುಸಲಾಯಿಸಿ ಜನರನ್ನು ನಡೆಸಿದರೆ, ಇವನದು ತಿರುಗುಮುರುಗಾದ ಸುಳ್ಳು. ಆಸೆ ಬಿಟ್ಟು ತಲೆ ತಗ್ಗಿಸಿಕೊಂಡು ನಡೆದವರು ಇದ್ದಕ್ಕಿದ್ದಂತೆ ಊರ ಬಾಗಿಲಲ್ಲಿ ನಿಂತಾಗ ಆಗುತ್ತಿದ್ದ ಸಂತೋಷವನ್ನು ಅವನು ಪಕ್ಕಕ್ಕೆ ಸರಿದು, ತನಗೇನೂ ಸಂಬಂಧವಿಲ್ಲದವನ ಹಾಗೆ, ಓರೆಗಣ್ಣಿನಿಂದ ನೋಡುತ್ತಿದ್ದ. ಅವನ ಹೆಂಡತಿ ಯಾಂಜಿ ಈ ಗುಣದ ಬಗ್ಗೆ ಹೇಳುತ್ತಿದ್ದ ಮಾತು ನಮ್ಮೂರಲ್ಲೆಲ್ಲ ಪ್ರಸಿದ್ಧ: "ಹೆಣ್ಣು ಕೇಳೋಕೆ ಬಂದಾಗ ನಮ್ಮಪ್ಪನ ಹತ್ರ 'ನಮ್ಮನೇಲಿ ಏನೂ ಇಲ್ಲ' ಅಂದಿದ್ದ. ಹೀಗೇ ಹೇಳ್ತಾನೆ, ಹೋದ್ಮೇಲೆ ಏನಾದ್ರೂ ಇರುತ್ತೆ ಅಂದ್ಕೊಂಡೆ. ಬಂದು ನೋಡ್ತೀನಿ, ಅದೊಂದೇ ಮಾತು ನಿಜ."

ನಾನು ಅವನ ಹಿಂದೆ ಹೊರೆ ಹೊತ್ತು ನಡೆದವಳು. ಹಣೆಗೆ ಪಟ್ಟಿ ಕಟ್ಟಿ, ಬೆನ್ನಿಗೆ ಅಡುಗೆಯ ಪಾತ್ರೆಗಳ ಬುಟ್ಟಿ ಏರಿಸಿ, ನಾಮ್ಚೆಯಿಂದ ಖುಮ್‌ಜುಂಗ್, ಅಲ್ಲಿಂದ ಹೊಳೆಗಿಳಿದು ತೆಂಗ್‌ಬೋಚೆಯ ಮಠ, ಪಾಂಗ್‌ಬೋಚೆ, ದಿಂಗ್‌ಬೋಚೆ ಎಂದು ದಿನಗಟ್ಟಲೆ ನಡೆಯುವಾಗ ನನ್ನ ಕಣ್ಣಿಗೆ ಕಾಣುತ್ತಿದ್ದುದು ಬೆಟ್ಟಗಳಲ್ಲ, ಅವನ ಹಿಮ್ಮಡಿಗಳು. ಹೊರೆ ಹೊತ್ತವರಿಗೆ ಕತ್ತೆತ್ತಿ ಶಿಖರ ನೋಡುವ ಸುಖ ಎಲ್ಲಿಯದು? ಆ ಹಿಮ್ಮಡಿಗಳು ಎಳೆಯ ಕೂಸನ್ನು ಮಲಗಿಸಿ ಎದ್ದುಬಂದ ತಾಯಿಯ ಹಾಗೆ ಸದ್ದಿಲ್ಲದೆ, ನಿಧಾನವಾಗಿ ನೆಲ ಮುಟ್ಟುತ್ತಿದ್ದವು. ಯಾಕ್‌ಗಳು ಅವನನ್ನು ದಾಟಿ ಮುಂದೆ ಹೋಗುತ್ತಿದ್ದವು, ಮುದುಕಿಯರು ಹೋಗುತ್ತಿದ್ದರು. ಆದರೆ ಅವನ ಗುಂಪಿನವರು ಯಾರೂ ಹೋಗುವ ಹಾಗಿರಲಿಲ್ಲ. ದಾಟಲು ಬಂದವರಿಗೆ ದಾರಿ ಸಿಗದಂತೆ ಎರಡೂ ಮೊಣಕೈಗಳನ್ನು ಹುಂಜದ ರೆಕ್ಕೆಯಂತೆ ಅಗಲಿಸಿಬಿಡುತ್ತಿದ್ದ.

ಅವನ ಕೋಟನ್ನು ಹೇಳದೆ ಅವನನ್ನು ಹೇಳಿದಂತಾಗುವುದಿಲ್ಲ. ಯಾವುದೋ ಕಾಲದಲ್ಲಿ ಜಪಾನಿನ ಪರ್ವತಾರೋಹಿಯೊಬ್ಬ ಕೊಟ್ಟುಹೋದ ಕಿತ್ತಳೆ ಬಣ್ಣದ ಗರಿ ತುಂಬಿದ ಕೋಟು. ಹರಿದಲ್ಲೆಲ್ಲ ಹಳೆಯ ಗುಡಾರದ ಬಟ್ಟೆಯ ತೇಪೆ. ಗರಿ ಉದುರಿಹೋದ ಕಡೆ ಯಾಕ್‌ನ ಉಣ್ಣೆ ತುರುಕಿದ್ದು. ಬಗ್ಗಿದಾಗೆಲ್ಲ ಎಲ್ಲಿಂದಲೋ ಒಂದು ಬಿಳಿ ಗರಿ ಹೊರಬಿದ್ದು ಗಾಳಿಯಲ್ಲಿ ತೇಲುತ್ತಿತ್ತು. ಹೊರೆ ಬಿಟ್ಟ ಮೇಲೆ ಊರಲ್ಲಿ ತೆರೆದ ನನ್ನ ಚಹಾದಂಗಡಿಯ ನೆಲ ಗುಡಿಸುವಾಗ ಗರಿ ಸಿಕ್ಕರೆ, ನಾನಿಲ್ಲದಾಗ ಉರ್ಕೆನ್ ಅಣ್ಣ ಬಂದು ಹೋಗಿದ್ದಾನೆಂದು ತಿಳಿಯುತ್ತಿದ್ದೆ.

ಚಹಾ ಕುಡಿಯುವುದರಲ್ಲೂ ಅವನದು ಹಠವೇ. ಕೊಟ್ಟ ತಕ್ಷಣ ಕೈ ಚಾಚುವುದು ನಮ್ಮಲ್ಲಿ ಮರ್ಯಾದೆಯಲ್ಲ. ಬೇಡ ಬೇಡ ಎನ್ನಬೇಕು, ಮನೆಯವರು ಬಲವಂತ ಮಾಡಬೇಕು, ಆಮೇಲೆ ಬಟ್ಟಲು ಮುಂದೊಡ್ಡಬೇಕು. ಎಲ್ಲರೂ ಈಗ ಇದನ್ನು ಒಂದು ಮಾತಿಗೆ ಇಳಿಸಿಬಿಟ್ಟಿದ್ದಾರೆ. ಅವನು ಮಾತ್ರ ಬಟ್ಟಲ ಮೇಲೆ ಅಂಗೈ ಮುಚ್ಚಿ, ಮುಖ ಆಚೆ ತಿರುಗಿಸಿ, ಹಸಿವೆಂಬುದನ್ನೇ ಅರಿಯದ ಯೋಗಿಯಂತೆ ಕೂರುತ್ತಿದ್ದ. ಒಮ್ಮೆ ನನಗೆ ಜ್ವರ ಬಂದು ಮಲಗಿದ್ದಾಗ, ನಮ್ಮಲ್ಲಿ ಇಳಿದುಕೊಂಡಿದ್ದ ಪರದೇಶದ ಹುಡುಗಿಯೊಬ್ಬಳು ತಾನೇ ಚಹಾ ಹಂಚಲು ಹೊರಟಳು. ಅವನು ಬೇಡವೆಂದ. ಅವಳು ನಕ್ಕು ಕೆಟಲನ್ನು ಒಯ್ದು ಉಳಿದವರಿಗೆ ಬಗ್ಗಿಸಿ ಖಾಲಿ ಮಾಡಿದಳು. ಚಳಿಯಲ್ಲಿ ನಡೆದು ಬಂದ ಮನುಷ್ಯ, ಉಪ್ಪುಬೆಣ್ಣೆಯ ಚಹಾದ ವಾಸನೆ ಮೂಗಿಗೆ ಬಡಿಯುತ್ತಿದೆ, ಗಂಟಲು ಒಣಗಿದೆ. ಗೋಡೆಯತ್ತ ನೋಡುತ್ತ ಕೂತೇ ಇದ್ದ. ಕಂಬಳಿಯೊಳಗಿಂದ ನಾನು, "ಅಣ್ಣ, ಬಾಯ್ಬಿಟ್ಟು ಕೇಳಬಾರದಾ?" ಎಂದೆ.

"ಕೇಳೋದಾ? ನಾನೇನು ಭಿಕ್ಷುಕನಾ?"

"ಮತ್ತೆ ಸಾಯಿ ಚಳೀಲಿ."

"ಸಾಯ್ತೀನಿ. ಮರ್ಯಾದೆಯಿಂದ ಸಾಯ್ತೀನಿ."

ಇಂಥವನಿಗೆ ಮಣಿಗೋಡೆಯ ವಿಷಯದಲ್ಲಿ ರಿಯಾಯಿತಿ ಎಲ್ಲಿಂದ ಬರಬೇಕು? ನಮ್ಮ ಪ್ರತಿಯೊಂದು ಊರಿನ ದಾರಿಯಲ್ಲೂ ಮಂತ್ರ ಕೊರೆದ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ ಉದ್ದನೆಯ ಗೋಡೆಗಳಿವೆ. ನಮ್ಮ ಖುಮ್‌ಜುಂಗಿನದಂತೂ ಎದೆಯೆತ್ತರ, ಊರಿನಷ್ಟೇ ಹಳೆಯದು. ಹೋಗುವವರಿಗೆ ಗೋಡೆ ಯಾವಾಗಲೂ ಬಲಗೈಯ ಕಡೆಗೇ ಇರಬೇಕು. ಎಡಕ್ಕೆ ಬಿಟ್ಟು ನಡೆದರೆ ಕೊರೆದ ಮಂತ್ರವನ್ನು ಹಿಂದುಮುಂದಾಗಿ ಉಚ್ಚರಿಸಿದ ಪಾಪ. ಕೆಸರು, ಹೊರೆ, ಮಳೆ ಎಂದು ನೆಪ ಹೇಳಿ ಹತ್ತಿರದ ಕಡೆಯಿಂದ ನುಸುಳುವವರು ಆಗಲೂ ಇದ್ದರು. ಉರ್ಕೆನ್ ಕಂಡರೆ ಬಿಡುತ್ತಿರಲಿಲ್ಲ. ತಪ್ಪಿದ ಜಾಗಕ್ಕೇ ಹಿಂದಿರುಗಬೇಕು, ಅಲ್ಲಿಂದ ಮತ್ತೆ ಮೊದಲಾಗಬೇಕು. ಬೆನ್ನ ಮೇಲೆ ಸೀಮೆಎಣ್ಣೆಯ ಡಬ್ಬ ಹೊತ್ತಿದ್ದ ನನ್ನನ್ನೂ ಹಾಗೆ ತಿರುಗಿಸಿದ್ದ. ಬಾಯಿಗೆ ಬಂದಂತೆ ಬೈದೆ. ಅವನು ಮಾತಾಡದೆ ನನ್ನ ಜೊತೆ ತಾನೂ ಹಿಂದಕ್ಕೆ ಬಂದ, ತಾನೂ ಮತ್ತೆ ನಡೆದ. ಯಾರನ್ನೇ ತಿರುಗಿಸಿದರೂ ಅವನು ಜೊತೆಗೆ ತಿರುಗುತ್ತಿದ್ದ. ಹಾಗಾಗಿ ಬೈಗುಳ ಬಾಯಲ್ಲೇ ಕರಗುತ್ತಿತ್ತು.

ಆ ನಡಿಗೆಯ ದಿನಗಳು ಈಗಲೂ ಕಿವಿಯಲ್ಲಿವೆ. ಬೆಳಗ್ಗೆ ಹಿಮದ ಮೇಲೆ ಬಿಸಿಲು ಬೀಳುತ್ತಲೇ ಯಾಕ್‌ಗಳ ಕೊರಳಗಂಟೆ. ಏರು ಬಂದಾಗ ಹೊರೆಯವರು ಟಿ ಆಕಾರದ ಊರುಗೋಲಿಗೆ ಬುಟ್ಟಿ ಆನಿಸಿ ಬಿಡುವ ಸಿಳ್ಳೆಯಂಥ ಉಸಿರು. ಎಲ್ಲೋ ಮುಂದಿನ ತಿರುವಿನಿಂದ "ಇವತ್ತು ತಲುಪೋದು ಕಷ್ಟ" ಎಂಬ ಅವನ ಮಾತು, ಅದಕ್ಕೆ ಹಿಂದಿನ ತುದಿಯಿಂದ ಚೆವಾಂಗನ ನಗು. ಸಾಲಿನ ತಲೆಯಲ್ಲಿ ಉರ್ಕೆನ್, ಬಾಲದಲ್ಲಿ ಚೆವಾಂಗ್, ವರ್ಷಾನುವರ್ಷ ಇದೇ ಕ್ರಮ. ಕೊನೆಯವನ ಕೆಲಸ ಕುಸಿದು ಕೂತವರನ್ನು ಎಬ್ಬಿಸಿ ತರುವುದು. ಮುಂದಿನವನದು, ಕಾಲಿಡುವ ನೆಲ ನಂಬುವಂಥದೋ ಅಲ್ಲವೋ ಎಂದು ಎಲ್ಲರಿಗಿಂತ ಮೊದಲು ತಿಳಿಯುವುದು.

ಅದನ್ನು ತಿಳಿಯುವ ಕಣ್ಣೇ ಆರತೊಡಗಿತು.

ನನಗೆ ಮೊದಲು ಅನುಮಾನ ಬಂದದ್ದು ಅವನು ನನ್ನನ್ನು ಗುರುತಿಸುವ ರೀತಿಯಿಂದ. ನಾನು ಮಾತಾಡುವವರೆಗೂ ಸುಮ್ಮನಿದ್ದು, ಮಾತಾಡಿದ ಮೇಲೆ "ಓ ಕಿಪಾ" ಎನ್ನುತ್ತಿದ್ದ. ಚಾಂಗ್ ಹೆಂಡ ಬಗ್ಗಿಸಿಕೊಳ್ಳುವಾಗ ಬಟ್ಟಲೊಳಗೆ ಬೆರಳಿಟ್ಟುಕೊಳ್ಳುತ್ತಿದ್ದ. ಒಂದು ಮಧ್ಯಾಹ್ನ ಯಾಂಜಿ ನನ್ನ ಒಲೆಯ ಪಕ್ಕ ಕೂತು ಆಲೂಗಡ್ಡೆ ಸುಲಿಯುತ್ತ, ತಲೆ ಎತ್ತದೆ ಹೇಳಿದಳು.

"ಕಾಠ್ಮಂಡುಗೆ ಹಲ್ಲು ತೋರ್ಸೋಕೆ ಅಂತ ಹೋಗಿದ್ವಲ್ಲ, ಹಲ್ಲಲ್ಲ ಅದು. ಪೊರೆ ಆಗಿದ್ರೆ ತೆಗೀಬಹುದಿತ್ತಂತೆ. ಒಳಗಿನ ನರವೇ ಒಣಗಿದೆಯಂತೆ."

"ಎಷ್ಟು ಕಾಣ್ಸತ್ತೆ?"

"ಸಂಜೆ ಮಬ್ಬಲ್ಲಿ ಕಂಡ ಹಾಗೆ ಅಂತಾನೆ. ನನ್ನ ಮುಖ ಮಾತ್ರ ಚೆನ್ನಾಗಿ ಕಾಣುತ್ತೆ ಅಂತಾನೆ. ಸುಳ್ಳುಬುರುಕ."

"ಸರದಾರಿಕೆ ಬಿಡು ಅನ್ನಬಾರದಾ?"

"ಅಂದೆ. 'ಬಿಟ್ಟು ಏನ್ ಮಾಡ್ಲಿ, ನಿನ್ನ ಜೊತೆ ಕೂತ್ಕೊಂಡು ಆಲೂಗಡ್ಡೆ ಸುಲೀಲಾ' ಅಂತಾನೆ." ಚಾಕು ನಿಂತಿತು. "ಮುಂದಿನ ವಾರ ಬರೋ ಗುಂಪು ಛೋ ಲಾ ಘಟ್ಟ ದಾಟೋದು, ಕಿಪಾ. ಹಿಮ ಬಿರುಕು ಬಿಟ್ಟಿರೋ ಜಾಗ. ಇವನು ಮುಂದೆ, ಹಿಂದೆ ಅಷ್ಟು ಜನ ಕಣ್ಮುಚ್ಚಿ ನಂಬ್ಕೊಂಡು. ನಾನು ಹೋಗಿ ಕಂಪನಿಯವರಿಗೆ ಹೇಳಿದ್ರೆ ಅವನ ಬದುಕೇ ಹೋಯ್ತು. ಹೇಳ್ದೇ ಇದ್ರೆ..."

ಅವಳು ಚಾಕುವನ್ನು ಮತ್ತೆ ಆಲೂಗಡ್ಡೆಗೆ ಹಚ್ಚಿದಳು.

ಗುಂಪು ಬಂದ ಹಿಂದಿನ ರಾತ್ರಿ ಹೊಸ ಹಿಮ ಬಿದ್ದಿತ್ತು. ನನ್ನ ಅಂಗಡಿಯ ಅಂಗಳ ದಿಬ್ಬದ ಮೇಲಿದೆ. ಕೆಳಗೆ ಮಣಿಗೋಡೆ ಮೊದಲಾಗುವ ಕಡೆ ದಾರಿ ಕವಲಾಗುತ್ತದೆ. ಅಂದು ಕವಲೂ ಇಲ್ಲ, ದಾರಿಯೂ ಇಲ್ಲ, ಗೋಡೆಯ ತಲೆಯ ಮೇಲೂ ಹಿಮ, ಎಲ್ಲವೂ ಒಂದೇ ಬಿಳುಪು. ಯಾಂಜಿ ದಾರಿಗೆ ಚಹಾ ಕೊಡಲೆಂದು ಕೆಟಲು ಹಿಡಿದು ನನ್ನ ಪಕ್ಕ ನಿಂತಿದ್ದಳು. ಆಚೆ ಹೊಲದಂಚಿನಲ್ಲಿ ಹೆಂಗಸರು ಕೊಟ್ಟಿಗೆಯ ಮುಂದಿನ ಹಿಮ ಎಳೆಯುತ್ತಿದ್ದರು. ನಾಮ್ಚೆಯ ಕಡೆಯ ಇಳಿಜಾರಿನಲ್ಲಿ ಕಿತ್ತಳೆ ಕೋಟು ಕಾಣಿಸಿತು, ಅದರ ಹಿಂದೆ ಯಾಕ್‌ಗಳು, ಪರದೇಶದವರು, ಹೊರೆಯವರು. ಉರ್ಕೆನ್ ಗೋಡೆಯ ತುದಿಗೆ ಬಂದ. ಒಂದು ಕ್ಷಣವೂ ನಿಲ್ಲದೆ, ಎಂದಿನ ನಿಧಾನದಲ್ಲಿ, ಗೋಡೆಯನ್ನು ಎಡಕ್ಕೆ ಬಿಟ್ಟು ನಡೆದುಬಿಟ್ಟ.

ಹೊಲದಲ್ಲಿ ಹಿಮ ಎಳೆಯುವ ಸದ್ದು ನಿಂತಿತು. ಊರಿಗೆ ಊರೇ ನೋಡಿತು. ಪರದೇಶದವರು ಅವನ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಹೋದರು. ಹೊರೆಯವರ ಪೈಕಿ ವಯಸ್ಸಾದವನೊಬ್ಬ ಕವಲಿನಲ್ಲಿ ತಡೆದು ನಿಂತ, ಟೋಪಿ ತೆಗೆದು ಗೋಡೆಗೆ ಹಣೆ ಬಾಗಿಸಿ ಏನೋ ಗೊಣಗಿಕೊಂಡ, ಮತ್ತೆ ಟೋಪಿ ಹಾಕಿಕೊಂಡು ಆ ತಪ್ಪು ಮಗ್ಗುಲಿಗೇ ಹೋದ. ಅವನ ಹಿಂದಿನವರೂ ಹಾಗೇ. ಪಾಪವಾದರೆ ಎಲ್ಲರಿಗೂ ಆಗಲಿ, ಸರದಾರನ ಮುಖಕ್ಕೆ ಮಸಿಯಾಗುವುದು ಬೇಡ ಎಂದುಕೊಂಡರೇನೋ. ಕೊನೆಗೆ ಚೆವಾಂಗ್ ಬಂದು ಆ ಹೆಜ್ಜೆಗುರುತುಗಳನ್ನು ನೋಡುತ್ತ ನಿಂತ.

"ಕೂಗಿ ಹೇಳೋ," ಎಂದೆ ನಾನು ಮೇಲಿನಿಂದ, ಮೆಲ್ಲಗೆ.

"ಅಕ್ಕಾ, ನಾನಾ? ನಂಗೆ ನಡೆಯೋಕೆ ಕಲಿಸಿದೋರು ಅವರು. ನನ್ನ ಬಾಯಲ್ಲಿ ಹೇಗೆ ಬರತ್ತೆ?" ಎಂದವನೇ ಅವನೂ ಅದೇ ಗುರುತುಗಳಲ್ಲಿ ಕಾಲಿಟ್ಟ.

ಯಾಂಜಿ ಕೆಟಲನ್ನು ಹಿಮದ ಮೇಲೆ ಇಟ್ಟಳು. ಸೊಂಟದ ಮುಂದೆ ಕಟ್ಟಿದ್ದ ಪಟ್ಟೆಯ ಮುಂಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣಿವೆ ಒಡೆಯುವ ಹಾಗೆ ಕೂಗಿದಳು:

"ಏ ಮುದುಕಾ! ಗೋಡೆ ಯಾವ ಕೈಗಿದೆ ಮುಟ್ಟಿ ನೋಡ್ಕೊ!"

ಕಿತ್ತಳೆ ಕೋಟು ನಿಂತಿತು. ಅವನು ಮೊದಲು ಬಲಗೈ ಚಾಚಿದ. ಅಲ್ಲಿ ಗಾಳಿ ಮಾತ್ರ. ಆಮೇಲೆ ಎಡಗೈ ಚಾಚಿ, ಹಿಮವನ್ನು ಒರೆಸಿ, ಕಲ್ಲಿನಲ್ಲಿ ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿದ. ಎಷ್ಟು ಹೊತ್ತು ಹಾಗೆ ನಿಂತಿದ್ದನೋ; ಒಂದು ಯಾಕ್ ತಲೆ ಕೊಡವಿದಾಗ ಗಂಟೆಯ ಸದ್ದಿಗೆ ನಾನು ಬೆಚ್ಚಿದೆ.

"ಹಿಂದಕ್ಕೆ," ಎಂದ. ಧ್ವನಿ ಏರಿಸಿರಲಿಲ್ಲ, ಆದರೂ ಕೇಳಿಸಿತು. "ಎಲ್ಲರೂ ಹಿಂದಕ್ಕೆ. ಮೊದಲಿಂದ ನಡೀಬೇಕು."

ಇಕ್ಕಟ್ಟಿನ ಜಾಗದಲ್ಲಿ ಹೊರೆ ಹೊತ್ತ ಯಾಕ್‌ಗಳನ್ನು ಹಿಂದಕ್ಕೆ ತಿರುಗಿಸುವುದೆಂದರೆ ಜಗಳಗಂಟಿ ಸೊಸೆಯರನ್ನು ಒಂದೇ ಮನೆಯಲ್ಲಿ ಕೂರಿಸಿದಂತೆ. ಕೊಂಬು, ಬೈಗುಳ, ಜಾರಿಬಿದ್ದ ಮೂಟೆ, ಅರ್ಥವಾಗದೆ ನಕ್ಕ ಪರದೇಶದವರು. ಅಂತೂ ಸಾಲು ತಿರುಗಿತು. ತಿರುಗಿದಾಗ ಬಾಲದಲ್ಲಿದ್ದ ಚೆವಾಂಗ್ ತಲೆಯಾದ, ತಲೆಯಲ್ಲಿದ್ದ ಉರ್ಕೆನ್ ಬಾಲವಾದ. ಕವಲಿಗೆ ಬಂದ ಚೆವಾಂಗ್ ಪಕ್ಕಕ್ಕೆ ಸರಿದು ಸರದಾರನಿಗೆ ಜಾಗ ಬಿಟ್ಟು ನಿಂತ. ಎಲ್ಲರೂ ಹಾಗೇ ಒತ್ತಿ ನಿಂತು ದಾರಿ ಮಾಡಿದರು. ಉರ್ಕೆನ್ ಬಂದ. ಕೊನೆಯ ಯಾಕ್‌ನ ಹಿಂದೆ ನಿಂತ. ಮುಂದೆ ಬರಲಿಲ್ಲ.

"ಯಾಕೆ ನಿಂತ್ರಿ?" ಎಂದು ಕೇಳಿದ.

"ಅಣ್ಣ, ನೀವು ಮುಂದೆ ಬನ್ನಿ," ಎಂದ ಚೆವಾಂಗ್.

"ಸಾಲು ತಿರುಗಿದೆ ಕಣೋ. ಈಗ ಮುಂದೆ ಇರೋನು ನೀನು. ನಡಿ."

"ಅಣ್ಣ..."

"ಹಿಂದೆ ಒಬ್ರು ಬೇಡ್ವಾ? ಯಾರಾದ್ರೂ ಕೂತುಬಿಟ್ರೆ ಎಬ್ಸೋರು ಯಾರು? ನಡಿಯೋ, ಬಿಸಿಲು ಏರ್ತಿದೆ."

ಚೆವಾಂಗ್ ಕಣ್ಣೊರೆಸಿಕೊಂಡು ಗೋಡೆಯನ್ನು ಬಲಕ್ಕೆ ಬಿಟ್ಟು ಹೆಜ್ಜೆಯಿಟ್ಟ. ಒಬ್ಬೊಬ್ಬರಾಗಿ ಎಲ್ಲರೂ ದಾಟಿದ ಮೇಲೆ ಉರ್ಕೆನ್ ಒಂದು ಕೈಯನ್ನು ಕೊನೆಯ ಯಾಕ್‌ನ ಬೆನ್ನಿಗಿಟ್ಟು, ಇನ್ನೊಂದನ್ನು ಗೋಡೆಯ ಕಲ್ಲುಗಳಿಗೆ ತಾಗಿಸುತ್ತ ಹೋದ. ಯಾಂಜಿ ಹಿಮದ ಮೇಲಿಟ್ಟಿದ್ದ ಕೆಟಲನ್ನು ಎತ್ತಿಕೊಂಡಳು. ಆಮೇಲೆ, "ಇನ್ನೂ ಬೈಯೋದಿತ್ತು, ಮರ್ತೇಹೋಯ್ತು" ಎಂದು ಬಿಕ್ಕಿದಳು.

ಆ ಸಲ ಅವನು ಛೋ ಲಾದ ಬುಡದವರೆಗೆ ಹೋಗಿ, ಆ ಬಿರುಕು ಹಿಮದ ಮೇಲೆ ಕಾಲಿಡದೆ, ಯಾಕ್‌ಗಳೊಂದಿಗೆ ಸುತ್ತುದಾರಿಯಲ್ಲಿ ಮರಳಿದ. ಮುಂದೆ ಕೆಲವು ವರ್ಷ ಕೆಳಗಿನ ಊರುಗಳ ದಾರಿಯಲ್ಲಿ ಚೆವಾಂಗನ ಗುಂಪುಗಳ ಕೊನೆಯಲ್ಲಿ ನಡೆದ. ಸುಸ್ತಾದವರನ್ನು ಉಸಿರಿನ ಸದ್ದಿನಿಂದಲೇ ಗುರುತಿಸಿ, ಅವರು ಕೂರುವ ಮೊದಲೇ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದನಂತೆ. ಹೋದ ವರ್ಷ ಬಾರ್ಲಿಯ ಕುಯ್ಲು ಮುಗಿಯುವ ಹೊತ್ತಿಗೆ ತೀರಿಕೊಂಡ.

ಮುಂದೆ ನಡೆಯುವುದನ್ನೇ ಬದುಕು ಮಾಡಿಕೊಂಡ ಇಂಥವರು ನಮ್ಮ ಕಣಿವೆಯಲ್ಲಿ ಒಂದು ಕಾಲಕ್ಕೆ ಊರಿಗೆ ನಾಲ್ಕಾರು ಮಂದಿ ಇದ್ದರು. ಜೊತೆಗಿರುವುದು ಸುಲಭವಲ್ಲದ ಜನ. ಹಠಮಾರಿಗಳು, ಸಣ್ಣ ವಿಷಯಕ್ಕೆ ದೊಡ್ಡ ಗದ್ದಲ ಮಾಡುವವರು, ಹೆಂಡಿರ ತಲೆನೋವು. ತಾವು ಹೇಳಿದ್ದೇ ಆಗಬೇಕೆನ್ನುವವರು. ಆದರೆ ಬೇರೆಯವರ ಮೇಲೆ ಹೇರಿದ ನೇಮ ಒಂದು ದಿನ ತಮ್ಮ ಕುತ್ತಿಗೆಗೇ ಬಂದಾಗ ಕುತ್ತಿಗೆ ತಪ್ಪಿಸಿಕೊಳ್ಳದವರು. ಅವರ ಹಿಂದೆ ನಡೆದವರಿಗೆ ಬೈಸಿಕೊಂಡದ್ದು ನೆನಪಿರುತ್ತದೆ, ಕಾಲುನೋವು ನೆನಪಿರುತ್ತದೆ, ಹಸಿವು, ಗಾಳಿ, ಒದ್ದೆ ಬೂಟು ಎಲ್ಲವೂ ನೆನಪಿರುತ್ತದೆ. ಹೆದರಿದ್ದೊಂದು ಎಷ್ಟು ಹುಡುಕಿದರೂ ನೆನಪಿಗೆ ಬರುವುದಿಲ್ಲ.