ಗಟ್ಟಿಯಾಗದ ನೀಲಿ

ನನ್ನ ತಂಗಿಯ ಗಂಡನಿಗೆ ಅಡುಗೆಮನೆಯ ದಾರಿ ಗೊತ್ತಾದದ್ದು ಮದುವೆಯಾಗಿ ಹತ್ತು ವರ್ಷದ ಮೇಲೆ. ಅದೂ ನನ್ನ ಮನೆಯ ಅಡುಗೆಮನೆಯ ದಾರಿ. ಶನಿವಾರ ಸಂಜೆ ಬಂದಿಳಿದವನ ಚೀಲದಲ್ಲಿ ಐಸ್‌ಕ್ಯಾಂಡಿ ಮಾಡುವ ಪ್ಲಾಸ್ಟಿಕ್ ಅಚ್ಚುಗಳು, ಒಂದು ಕಟ್ಟು ಕಡ್ಡಿ, ಪುಟ್ಟ ಪುಟ್ಟ ಬಣ್ಣದ ಸೀಸೆಗಳು ಇದ್ದವು. ಬೇಸಿಗೆ ರಜೆಯಲ್ಲವೇ, ಅಪ್ಪನ ಕೈಯಿಂದ ಮಕ್ಕಳಿಗೆ ಏನಾದರೂ ಆಗಬೇಕಲ್ಲ. ಹಿಂದಿನ ಬೇಸಿಗೆಯಲ್ಲಿ ಇದೇ ಅಪ್ಪನ ಕೈಯಿಂದ ಆದದ್ದೇನೆಂದರೆ, ಕುಡಿದು ಬಂದು ಮಕ್ಕಳು ಉಣ್ಣುತ್ತಿದ್ದ ಮೇಜನ್ನೇ ಉರುಳಿಸಿದ್ದು. ಮರುದಿನವೇ ತಂಗಿ ಎರಡೂ ಮಕ್ಕಳನ್ನು ಕರೆದುಕೊಂಡು ನನ್ನ ಮನೆ ಸೇರಿದ್ದಳು.

ಈಗ ಅವನು ಬದಲಾಗಿದ್ದಾನಂತೆ. ಎಷ್ಟೋ ತಿಂಗಳಿಂದ ಒಂದು ಹನಿ ಮುಟ್ಟಿಲ್ಲವಂತೆ. ಫೋನಿನಲ್ಲಿ ದಿನಾ ಅತ್ತೂ ಅತ್ತೂ ಹೇಳಿದ, ತಂಗಿ ಕರಗಿದಳು. ಅವಳು ಕರಗುವುದಕ್ಕೆ ಬೇಸಿಗೆಯೇ ಬೇಕಿಲ್ಲ. ಭಾನುವಾರ ಸಂಜೆಯ ಬಸ್ಸಿಗೆ ಮಕ್ಕಳ ಸಮೇತ ಅವನ ಜೊತೆ ಹೊರಡುವುದೆಂದು ತೀರ್ಮಾನವಾಗಿ, ಸೂಟ್‌ಕೇಸುಗಳು ಬಾಗಿಲ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು. ನಾನು ಏನು ಹೇಳಿದರೂ ಅವಳದು ಒಂದೇ ಉತ್ತರ.

"ಅಕ್ಕಾ, ನಿಂಗೆ ಯಾರ ಮೇಲೂ ನಂಬಿಕೆ ಇಲ್ಲ."

ನಿಜ. ನಾನು ಟೈಲರ್. ಗಿರಾಕಿ ಬಾಯಲ್ಲಿ ಹೇಳಿದ ಅಳತೆ ನಂಬಿ ಬಟ್ಟೆಗೆ ಕತ್ತರಿ ಹಾಕಿದವಳಲ್ಲ. ಟೇಪು ಹಿಡಿದು ನೋಡಿದ ಮೇಲೇ ನಂಬುವವಳು.

ಚೀಲದಿಂದ ಅವನು ಮೊದಲು ತೆಗೆದದ್ದು ಹಸಿರು ಮುಚ್ಚಳದ ಒಂದು ನೀರಿನ ಬಾಟಲಿ. ಅದನ್ನು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟು, "ಕಾಯಿಸಿ ಆರಿಸಿದ ನೀರು ಅಕ್ಕಾ. ಡಾಕ್ಟರು ಬೇರೆ ನೀರು ಮುಟ್ಟಲೇಬಾರ್ದು ಅಂದಿದಾರೆ. ಯಾರೂ ತಗೋಬೇಡಿ" ಅಂದ. ನಾವೆಲ್ಲ ನಲ್ಲಿ ನೀರು ಕುಡಿದೇ ಇಷ್ಟು ದಿನ ಬದುಕಿದ್ದೇವೆ, ಇವನೊಬ್ಬ ಮಹಾರಾಜ ಅಂದುಕೊಂಡು ಸುಮ್ಮನಾದೆ. ಟೇಪು ಹಿಡಿಯುವ ನಾನು ಆ ಬಾಟಲಿಗೆ ಮಾತ್ರ ಹಿಡಿಯಲಿಲ್ಲ.

ಅವನ ಕೆಲಸ ಬಣ್ಣದ ಏಜೆನ್ಸಿ. ಗೋಡೆಗೆ ಬಳಿಯುವ ಬಣ್ಣ. ಕಂಡವರ ಮನೆಯ ಗೋಡೆ ನೋಡಿ "ಈ ಶೇಡ್ ತಪ್ಪು" ಅನ್ನುವವನು. ಭಾನುವಾರ ಬೆಳಿಗ್ಗೆ ತಿಂಡಿಯ ತಟ್ಟೆ ಎತ್ತುವ ಮೊದಲೇ ಅಡುಗೆಮನೆ ಹಿಡಿದ. ಫೋನನ್ನು ನನ್ನ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ನಾನು ಹಾಲ್‌ನಲ್ಲಿ ಮಷೀನಿನ ಮುಂದೆ ಕೂತು ಶಾಲೆಯ ಯೂನಿಫಾರ್ಮುಗಳಿಗೆ ಕಾಲರ್ ಕೂರಿಸುತ್ತಿದ್ದೆ. ಅಲ್ಲಿಂದ ಅಡುಗೆಮನೆ ಪೂರ್ತಿ ಕಾಣುತ್ತದೆ, ಕೇಳುತ್ತದೆ ಕೂಡ. ಬೇಡವೆಂದರೂ ಕೇಳುತ್ತದೆ.

"ಫ್ರೆಂಡ್ಸ್, ಇವತ್ತು ಮಕ್ಕಳ ಜೊತೆ ಸ್ಪೆಷಲ್ ಭಾನುವಾರ. ದುಡ್ಡು ಇವತ್ತು ಬರುತ್ತೆ, ನಾಳೆ ಹೋಗುತ್ತೆ. ಮಕ್ಕಳ ಬಾಲ್ಯ ವಾಪಸ್ ಬರುತ್ತಾ ಹೇಳಿ?"

ಅವನ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ಬೀದಿಗೆಲ್ಲ ಗೊತ್ತಿರುವ ವಿಷಯ. ಫ್ರೆಂಡ್ಸ್‌ಗೆ ಇನ್ನೂ ಚೆನ್ನಾಗಿ ಗೊತ್ತು, ಪಕ್ಕದಲ್ಲೇ ಕೂತು ಕುಡಿದವರಲ್ಲವೇ.

ಕೆಂಪು ಕಲ್ಲಂಗಡಿಯದು. ಬೀಜ ತೆಗೆದು, ಹಿಂಡಿ, ಸೋಸಿಟ್ಟವಳು ತಂಗಿ. ಹಳದಿ ಮಾವಿನದು, ಸಿಪ್ಪೆ ತೆಗೆದವಳೂ ಅವಳೇ. ಹಸಿರಿಗೆ ನಿಂಬೆರಸ ಹಿಂಡಿದ್ದೂ ಅವಳೇ. ಅವನು ಮಾಡಿದ್ದು ಹನಿ ಬಣ್ಣ ಬಿಟ್ಟು, ಚಮಚ ಆಡಿಸಿ, ಫೋನಿಗೆ ಹಲ್ಲು ಕಿರಿದದ್ದು. ಅಷ್ಟಕ್ಕೇ ತಂಗಿ ಹೊಸ ಮದುವಣಗಿತ್ತಿಯ ಹಾಗೆ ಅವನ ಮುಖ ನೋಡುತ್ತಿದ್ದಳು. ನನಗೆ ಸೂಜಿ ಚುಚ್ಚಿಕೊಂಡಿತು. ಆಮೇಲೆ ಅವಳು ಒಗೆದ ಬಟ್ಟೆ ಹರವಲು ಮಹಡಿಗೆ ಹೋದಳು.

ಕಿರಿಯವನನ್ನು ನಾವು ಕರೆಯುವುದು ಡುಮ್ಮ ಅಂತ. ಅವನು ಅಚ್ಚಿಗೆ ಸುರಿದದ್ದಕ್ಕಿಂತ ಅಂಗಿಗೆ ಸುರಿದುಕೊಂಡದ್ದೇ ಹೆಚ್ಚು. ಹಿರಿಯವಳು ಗುಬ್ಬಿ. ಹೆಸರಷ್ಟೇ ಗುಬ್ಬಿ, ಚಿಲಿಪಿಲಿ ಏನೂ ಇಲ್ಲ. ಒಂಬತ್ತು ವರ್ಷಕ್ಕೇ ಬಾಯಿಗೆ ಬೀಗ ಹಾಕಿಕೊಂಡ ಹುಡುಗಿ. ಅವಳ ಪಾಲಿಗೆ ಬಂದದ್ದು ನೀಲಿ. ನೀಲಿ ಅಂದರೆ ಯಾವ ಹಣ್ಣೂ ಅಲ್ಲ, ನೀರು, ಸಕ್ಕರೆ, ಸೀಸೆಯ ಬಣ್ಣ, ಅಷ್ಟೇ.

"ತಣ್ಣೀರು ಹಾಕ್ಬೇಕು, ಬೇಗ ಗಟ್ಟಿಯಾಗುತ್ತೆ," ಅಂತ ಅಪ್ಪ ಫೋನಿಗೆ ಪಾಠ ಹೇಳಿದ.

ಗುಬ್ಬಿ ಫ್ರಿಜ್ಜಿನ ಬಾಗಿಲು ತೆಗೆದು ಹಸಿರು ಮುಚ್ಚಳದ ಬಾಟಲಿ ಎತ್ತಿಕೊಂಡಳು. ಮುಚ್ಚಳ ತಿರುಗಿಸಿ ಸ್ವಲ್ಪ ಹೊತ್ತು ಹಾಗೇ ನಿಂತಳು.

"ಅಪ್ಪಾ, ಈ ನೀರು ಹಾಕ್ಲಾ?"

"ಹಾಕಮ್ಮಾ ಹಾಕು," ಅಂದ, ಫೋನಿನಿಂದ ಕಣ್ಣು ಕೀಳದೆ.

ಅವಳು ಅಲ್ಲಿಂದ ಅಲ್ಲಾಡಲಿಲ್ಲ. "ಅಪ್ಪಾ, ಈ ಬಾಟಲೀದು. ಹಾಕ್ಲಾ?"

"ಅಯ್ಯೋ, ನೀರು ಹಾಕೋಕೂ ನನ್ನ ಕೇಳ್ತೀಯಲ್ಲೇ! ನೀರಿಗೇನು ಬರವಾ? ಸುರಿ!" ಅಂದವನು ಫೋನಿಗೆ ಕಣ್ಣು ಮಿಟುಕಿಸಿದ. "ನೋಡಿದ್ರಾ ಫ್ರೆಂಡ್ಸ್, ಅಪ್ಪನ್ನ ಕೇಳದೆ ಏನೂ ಮಾಡಲ್ಲ ನನ್ನ ಮಗಳು."

ನನಗೂ ರೇಗಿತು. ನೀರು ಸುರಿಯಲೂ ಅಪ್ಪಣೆ ಬೇಕೇ ಈ ಹುಡುಗಿಗೆ? ಥೇಟ್ ತಾಯಿಯದೇ ಪಡಿಯಚ್ಚು, ಹೀಗೇ ಕೇಳುತ್ತಾ ಕೇಳುತ್ತಾ ಮುದುಕಿಯಾಗುತ್ತಾಳೆ ಅಂದುಕೊಂಡೆ. ಗುಬ್ಬಿ ಸುರಿದಳು. ಖಾಲಿ ಬಾಟಲಿಗೆ ನಲ್ಲಿ ನೀರು ತುಂಬಿ, ಮುಚ್ಚಳ ಬಿಗಿದು, ಇದ್ದ ಜಾಗದಲ್ಲೇ ಇಟ್ಟಳು. ಅಚ್ಚುಗಳೆಲ್ಲ ಫ್ರೀಜರ್ ಸೇರಿದವು. ಅಡುಗೆಮನೆಯ ನೆಲ ಒರೆಸಿದವಳು ನಾನು. ಅದು ವಿಡಿಯೊದಲ್ಲಿ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮೊದಲು ಅವನು ತನ್ನ ಬಾಟಲಿ ಎತ್ತಿ ಒಂದು ಗುಟುಕು ಕುಡಿದ. ಇಂಗು ತಿಂದ ಮಂಗನ ಮುಖವಾಯಿತು. ಮತ್ತೊಂದು ಗುಟುಕು ಕುಡಿದ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಅಕ್ಕಾ, ನನ್ನ ಬಾಟಲಿ ಮುಟ್ಟಿದ್ರಾ?"

"ನಿಮ್ಮ ಬಾಟಲಿ ನನಗ್ಯಾಕೆ? ನನ್ನ ಮನೇಲಿ ನಲ್ಲಿ ಇದೆ."

ಅಲ್ಲಿಂದ ಮುಂದೆ ಅವನ ಮುಖದಲ್ಲಿ ಕಳೆ ಇಲ್ಲ. ಒಂದು ಹತ್ತು ಸಲ ಫ್ರಿಜ್ಜಿನ ಬಾಗಿಲು ತೆಗೆದ, ಹಾಕಿದ. ನನ್ನ ಕಡೆ ಕಳ್ಳನನ್ನು ನೋಡಿದ ಹಾಗೆ ನೋಡಿದ. ಊಟದಲ್ಲಿ ಉಪ್ಪಿಲ್ಲ ಅಂದ, ಫ್ಯಾನ್ ಸದ್ದು ಮಾಡುತ್ತೆ ಅಂದ, ಮೈಮೇಲೆ ಹತ್ತಿದ ಡುಮ್ಮನನ್ನು ಮೊಣಕೈಯಲ್ಲಿ ತಳ್ಳಿದ. ಬೆಳಗಿನ ಫ್ರೆಂಡ್ಸೂ ಇಲ್ಲ, ಬಾಲ್ಯವೂ ಇಲ್ಲ. "ಪ್ರಯಾಣದ ಸುಸ್ತು ಅಕ್ಕಾ," ಅಂತ ತಂಗಿ ಅವನ ಪರವಾಗಿ ವಕಾಲತ್ತು ವಹಿಸಿದಳು. ಪ್ರಯಾಣ ಮಾಡಿ ಒಂದು ರಾತ್ರಿ ಗೊರಕೆ ಹೊಡೆದು ಮಲಗಿದವನಿಗೆ ಯಾವ ಸುಸ್ತು?

ಸಂಜೆ ಬಸ್ಸಿಗೆ ಹೊರಡುವ ಮೊದಲು ಐಸ್‌ಕ್ಯಾಂಡಿ ಬಿಡಿಸುವ ಕಾರ್ಯಕ್ರಮ. ಮತ್ತೆ ಫೋನು ಸಕ್ಕರೆ ಡಬ್ಬಿಗೆ ಒರಗಿತು, ಮತ್ತೆ ಹಲ್ಲು ಹೊರಬಂತು. ಕೆಂಪು ಚೆನ್ನಾಗಿ ಬಿಟ್ಟುಕೊಂಡಿತು. ಡುಮ್ಮ ಅದನ್ನು ಕಿತ್ತುಕೊಂಡು ಮೇಜಿನಡಿ ಸೇರಿದ. ಹಳದಿ ಬಂತು, ಹಸಿರೂ ಬಂತು. ಸುಳ್ಳೇಕೆ ಹೇಳಲಿ, ನೋಡಲು ಚೆನ್ನಾಗಿಯೇ ಇದ್ದವು.

ನೀಲಿ ಅಚ್ಚಿನ ಕಡ್ಡಿ ಹಿಡಿದು ಎಳೆದ. ಕಡ್ಡಿಯೊಂದೇ ಕೈಗೆ ಬಂತು, ನೀಲಿ ತೊಟ್ಟಿಕ್ಕುತ್ತಾ. ಇನ್ನೊಂದು ಎಳೆದ, ಅದೂ ಹಾಗೇ. ಬೆಳಗಿನಿಂದ ಅದೇ ಫ್ರೀಜರಿನಲ್ಲಿ ಪಕ್ಕಪಕ್ಕದಲ್ಲೇ ಕೂತಿದ್ದರೂ ನೀಲಿ ಮಾತ್ರ ನೀರಾಗಿಯೇ ಉಳಿದಿತ್ತು. ಅವನು ಅಚ್ಚನ್ನು ಮೂಗಿನ ಹತ್ತಿರ ತಂದ. ತಂದವನ ಕಣ್ಣು ಸೀದಾ ಫ್ರಿಜ್ಜಿನ ಬಾಗಿಲಿಗೆ ಹೋಯಿತು. ಫೋನನ್ನು ಬೋರಲು ಹಾಕಿದ.

"ದಡ್ಡ ಮುಂಡೇದೇ! ಹೇಳಿದ್ದು ಕೇಳಿದ್ರೆ ತಾನೇ? ಸಕ್ಕರೆ ಸುರಿದಿದ್ದಾಳೆ, ಇಡೀ ಡಬ್ಬಿ! ಸಕ್ಕರೆ ಜಾಸ್ತಿಯಾದ್ರೆ ಎಲ್ಲಿಂದ ಗಟ್ಟಿಯಾಗುತ್ತೆ? ಎಲ್ಲಾ ಹಾಳು ಮಾಡಿದ್ಲು!"

ಗುಬ್ಬಿ ನೆಲ ನೋಡುತ್ತಾ ನಿಂತಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಹೆತ್ತ ಮಗಳನ್ನೇ ಡೊಂಕು ಅಂದ. ಅನ್ನುತ್ತಲೇ ನೀಲಿ ಅಚ್ಚುಗಳನ್ನೆಲ್ಲ ಬಾಚಿಕೊಂಡು ಸಿಂಕಿನ ಕಡೆ ಓಡಿದ.

"ಇರಿ, ಚೆಲ್ಲಬೇಡಿ," ಅಂದಳು ತಂಗಿ. "ಮಗು ಆಸೆಪಟ್ಟು ಮಾಡಿರೋದು. ಗಟ್ಟಿಯಾಗದಿದ್ರೆ ಏನಂತೆ, ನಾನು ಹಾಗೇ ತಿಂತೀನಿ."

"ಬೇಡ ಬೇಡ, ಹೊಟ್ಟೆ ಕೆಡುತ್ತೆ—"

"ಕೊಡಿ ಇಲ್ಲಿ."

ಅವಳು ಒಂದು ಅಚ್ಚು ಕಿತ್ತುಕೊಂಡು, ಮಗಳ ಕಡೆ ನೋಡಿ ನಕ್ಕು, ಚಮಚ ತುಂಬ ಬಾಯಿಗಿಟ್ಟಳು. ನಗು ಅರ್ಧಕ್ಕೇ ನಿಂತಿತು. ಕಣ್ಣಲ್ಲಿ ನೀರು ಬಂತು. ಕಷ್ಟಪಟ್ಟು ನುಂಗಿದಳು. ಹತ್ತು ವರ್ಷ ಗಂಡನ ಬಾಯಲ್ಲಿ ಮೂಸಿದ ವಾಸನೆ, ಅದೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಮಚವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು.

"ಸಕ್ಕರೆ ಜಾಸ್ತಿ ಆಗಿಲ್ಲ," ಅಂದಳು.

ಅವನು ಏನೇನೋ ಬಡಬಡಿಸಿದ. ಅದು ಮಂಡಿ ನೋವಿಗೆ ಹಚ್ಚಿಕೊಳ್ಳುವ ಔಷಧಿಯಂತೆ. ಡಾಕ್ಟರೇ ಕೊಟ್ಟದ್ದಂತೆ. ಯಾರೋ ಬೇಕೆಂದೇ ತಂದು ಸುರಿದಿರಬೇಕಂತೆ. ಹಾಗನ್ನುವಾಗ ನನ್ನ ಕಡೆ ನೋಡಿದ. ಥೂ, ಸುಳ್ಳು ಹೇಳಲೂ ನೆಟ್ಟಗೆ ಬಾರದ ಮನುಷ್ಯ. ತಂಗಿ ಜಗಳವಾಡಲಿಲ್ಲ. ಬಾಗಿಲ ಪಕ್ಕದ ಸೂಟ್‌ಕೇಸುಗಳನ್ನು ಒಂದೊಂದಾಗಿ ಎತ್ತಿ ಒಳಕೋಣೆಗೆ ತಂದಿಟ್ಟಳು. ಅವನದೊಂದು ಚೀಲ ಮಾತ್ರ ಅಲ್ಲೇ ಉಳಿಯಿತು. ಅದನ್ನು ಹೆಗಲಿಗೇರಿಸಿಕೊಂಡು ಅವನು ಬಸ್ಸಿಗೆ ಹೋದ. ಹೋಗುವಾಗ ಗುಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ.

ಹಬೆಯ ಹಾಗೆ ಒಳಗೇ ಒತ್ತಿಕೊಂಡಿದ್ದ ನನ್ನ ಮಾತುಗಳಿಗೆ ಕೊನೆಗೂ ದಾರಿ ಸಿಕ್ಕಿತ್ತು. ತಂಗಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಗುಬ್ಬಿ ಸಿಂಕಿನ ಮುಂದೆ ಸ್ಟೂಲ್ ಹತ್ತಿ ಅಚ್ಚು ತೊಳೆಯುತ್ತಿದ್ದಳು. ಅವಳ ಹತ್ತಿರ ಹೋದೆ.

"ಸುರಿಯುವಾಗ ವಾಸನೆ ಗೊತ್ತಾಗ್ಲಿಲ್ವೇನೇ?"

"ಗೊತ್ತಾಯ್ತು."

"ಗೊತ್ತಾಗಿಯೂ ಸುರಿದ್ಯಾ?" ನನಗೆ ನಗು ತಡೆಯಲಾಗಲಿಲ್ಲ. "ಭೇಷ್ ಕಣೇ! ನಾನು ವರ್ಷವೆಲ್ಲಾ ಬಾಯಿ ಬಡ್ಕೊಂಡ್ರೂ ಆಗದ್ದನ್ನ ನೀನು ಒಂದೇ ದಿನದಲ್ಲಿ ಮಾಡ್ಬಿಟ್ಟೆ. ಅವನಿಗೆ ಸರಿಯಾಗಿ ಬುದ್ಧಿ ಕಲಿಸ್ದೆ!"

ಗುಬ್ಬಿ ನಗಲಿಲ್ಲ. ಬೆರಳುಗಳ ತುಂಬ ನೀಲಿ ಹತ್ತಿತ್ತು. ಅದನ್ನು ನಾರಿನಿಂದ ಉಜ್ಜುತ್ತಾ ಅಂದಳು:

"ಎರಡು ಸಲ ಕೇಳ್ದೆ ದೊಡ್ಡಮ್ಮಾ. ಬೇಡ ಅಂತಾರೆ ಅಂದ್ಕೊಂಡಿದ್ದೆ. ಅಪ್ಪ ಒಂದ್ಸಲ ತಿರುಗಿ ನೋಡಿದ್ರೆ ಎಲ್ಲಾ ಚೆಲ್ಲಿಬಿಡ್ತಿದ್ದೆ. ಅಮ್ಮಂಗೆ ಹೇಳ್ತಾನೇ ಇರ್ಲಿಲ್ಲ."

ಉಜ್ಜಿದಷ್ಟೂ ಬೆರಳು ಕೆಂಪಾಗುತ್ತಿತ್ತು, ನೀಲಿ ಹೋಗುತ್ತಿರಲಿಲ್ಲ. ನಾನು ಅವಳ ಕೈಯಿಂದ ನಾರು ತೆಗೆದುಕೊಂಡೆ.